ಹಳದಿ ಚೀಟಿ

ಸೋವಿಯತ್ ಕಾಲದ ಫ್ರೂನ್ಜೆ ನಗರದ ಬಸ್ ನಿಲ್ದಾಣದ ಸಾಲಿನಲ್ಲಿ ತನ್ನ ಮುಂದೆಯೇ ನಿಂತವಳು ಬೆಳಿಗ್ಗೆ ವಿಶ್ವವಿದ್ಯಾಲಯದ ಗ್ರಂಥಾಲಯದ ಕೌಂಟರಿನಲ್ಲಿ ಕೆಲಸಕ್ಕಿದ್ದ ವಿದ್ಯಾರ್ಥಿನಿ ಎಂದು ಗುಲ್ಜಾದಾ ಟೀಚರಿಗೆ ಗುರುತು ಹತ್ತಿತು. ಮಾತಾಡಿಸೋಣವೆಂದರೆ, ಪಕ್ಕದಲ್ಲಿದ್ದ ಗ್ರಂಥಾಲಯದ ಮೇಲ್ವಿಚಾರಕಿ ಹುಡುಗಿಯಿಂದ ಪಾಠ ಒಪ್ಪಿಸಿಕೊಳ್ಳುತ್ತಿದ್ದಳು.

"ಪುಸ್ತಕ ಕೇಳೋ ಬಿಳಿ ಚೀಟಿ ಓದೋರಿಗೆ ವಾಪಸ್ಸು. ಹಳದಿದು?"

"ಡಬ್ಬಿಗೆ, ಎಜೆ," ಎಂದಳು ಹುಡುಗಿ, ಅಲ್ಲಿಯ ಮಾತಿನಲ್ಲಿ ಅಕ್ಕ ಎಂದು ಕರೆದು. "ಬೀಗದ ಕಪಾಟಿಂದು ಕೇಳಿದ್ರೆ ಮಾತ್ರ."

"ಡಬ್ಬಿ ಯಾರಿಗೆ?"

"ಗುರುವಾರ ಬರೋರಿಗೆ. ಚಹಾ ಕೊಡ್ಬೇಕು, ಹೆಸರು ಕೇಳ್ಬಾರ್ದು."

"ನಿನಗಿಂತ ಮುಂಚೆ ಇದ್ದೋಳು ಕೇಳಿದ್ಲು."

"ಈಗೆಲ್ಲಿದ್ದಾಳೆ?"

"ಟೋಪಿ ಸರಿಯಾಗಿ ಹಾಕ್ಕೊಳ್ಳೇ, ಗಾಳಿ ಇದೆ."

ಹುಡುಗಿ ಟೋಪಿ ಎಳೆದುಕೊಂಡಳು.

"ಇವತ್ತು ಒಂದೇ ಹಳದಿ ಬಿತ್ತು, ಎಜೆ. ಯಾರೋ ಟೀಚರ್. ಅವರಪ್ಪನ್ನ ಹಿಡ್ಕೊಂಡು ಹೋದ ವರ್ಷದ ಪೇಪರ್ ಬೇಕಿತ್ತಂತೆ. ಪಾಪ, ವಿಳಾಸ ಬರೆಯೋದೇ ಮರ್ತಿದ್ರು."

"ಮತ್ತೆ?"

"ಮನೆ ಎಲ್ಲಿ ಅಂತ ಹಂಗೇ ಮಾತಿಗೆಳೆದು ನಾನೇ ಬರೆದೆ, ಗುಂಡಗೆ. ಎದುರುಗಡೆ ರೊಟ್ಟಿ ಅಂಗಡಿ ಇದೆ ಅಂತಾನೂ ಸೇರಿಸ್ದೆ."

"ಜಾಣೆ ಕಣೇ ನೀನು!"

ಹುಡುಗಿ ಹಿಗ್ಗಿದಳು. ಬಸ್ಸು ಬಂತು, ಇಬ್ಬರೂ ಹತ್ತಿದರು.

"ಎಜೆ, ಹತ್ತಲ್ವಾ?" ಎಂದು ಕಂಡಕ್ಟರ್ ಕೂಗಿದ.

ತನ್ನ ಬೀದಿಗೇ ಹೋಗುವ ಬಸ್ಸು. ಗುಲ್ಜಾದಾ ಶಾಲನ್ನು ಮುಖಕ್ಕೆ ಎಳೆದುಕೊಂಡು ಅಲ್ಲೇ ನಿಂತಳು. ಆಗಲೇ ಬುಧವಾರ ಸಂಜೆಯಾಗಿತ್ತು.