ಮಗುವನ್ನು ನೋಡಲು ಬಂದವರು

ಶ್ರೀಮಂತನೊಬ್ಬನಿದ್ದ. ಪ್ರವಚನಕ್ಕೆ ಬಂದವರೇ, ಯಾವ ಊರು ಎಂದು ಕೇಳಬೇಡಿ. ನಿಮ್ಮೂರೇ ಅಂದುಕೊಂಡರೂ ನನ್ನ ಅಭ್ಯಂತರವಿಲ್ಲ. ಅವನಿಗೆ ಒಬ್ಬಳೇ ಮಗಳು. ಆ ಮಗುವಿಗೆ ರಕ್ತದ ಕ್ಯಾನ್ಸರ್ ಬಂತು. ಚಿಕಿತ್ಸೆಯ ನಡುವೆ ಮನೆಗೆ ಕಳಿಸುವಾಗ ಡಾಕ್ಟರು ಬಿಡಿಸಿ ಹೇಳಿದ್ದರು: ಸೋಂಕು ತಡೆಯುವ ಶಕ್ತಿ ಕುಗ್ಗಿದೆ, ಜನ ಸೇರಿಸಬೇಡಿ.

ನಾವು ಕೇಳುತ್ತೇವೆಯೇ? ಕಾಯಿಲೆಯವರನ್ನು ಕಣ್ಣಾರೆ ನೋಡದಿದ್ದರೆ ನಮಗೆ ಅನ್ನ ಇಳಿಯುವುದಿಲ್ಲ. ಎಳನೀರು, ಮೋಸಂಬಿ, ಬಿಸ್ಕತ್ತು ಹಿಡಿದು ಜನ ಬಂದರು. ಬಂದವರು ಸುಮ್ಮನೆ ಕುಳಿತರೇ?

"ಏನವಾ, ಕೂಸು ಸೊರಗಿ ಕಡ್ಡಿ ಆಗೇತಿ!" ಎಂದಳು ಒಬ್ಬಾಕೆ, ಮಗುವಿನ ಎದುರಿಗೇ. "ನಮ್ಮ ಅಕ್ಕನ ಮೊಮ್ಮಗಗೂ ಇದ ಆಗಿತ್ತು. ಉಳೀಲಿಲ್ಲ ನೋಡು."

"ಯಾವ ಜನ್ಮದ ಕರ್ಮಾನೋ," ಎಂದ ಪಕ್ಕದ ಹಿರಿಯ.

ನೋಡಿ, ತಾಯಿ ಆಗ ಅಡುಗೆಮನೆಯಲ್ಲಿ ಚಹಾ ಕುದಿಸುತ್ತಿದ್ದಳು. ಅಂದು ಮಗಳ ವಾಂತಿ ನಿಂತಿತ್ತು. "ಚೌಕಾಬಾರ ಆಡೂಣು ಬಾ ಅವ್ವಾ," ಎಂದು ಬಹಳ ದಿನಗಳ ಮೇಲೆ ತಾನಾಗಿ ಕರೆದಿದ್ದಳು. ಇಂಥ ಮಧ್ಯಾಹ್ನ ಮತ್ತೆ ಸಿಗುತ್ತದೆಂದು ಯಾರು ಬರೆದುಕೊಡುತ್ತಾರೆ? ಆದರೆ ಒಬ್ಬರು ಏಳುವಷ್ಟರಲ್ಲಿ ಇನ್ನೊಬ್ಬರು. ಜ್ವರ ಹೇಗೆ ಶುರುವಾಯಿತು ಎಂದು ಪ್ರತಿಯೊಬ್ಬರಿಗೂ ಮೊದಲಿನಿಂದ ಹೇಳಬೇಕು. ಅವರು ಅತ್ತರೆ ಇವಳೇ ಸಮಾಧಾನ ಮಾಡಬೇಕು! ಯಾರ ಮಗುವಿಗೆ ಕಾಯಿಲೆ? ಯಾರು ಯಾರನ್ನು ಸಮಾಧಾನ ಮಾಡಬೇಕು?

"ಸಾಕ್ರಿ, ಇನ್ನ ಕಳಸ್ರಿ ಅವರನ್ನ," ಎಂದಳು ಗಂಡನಿಗೆ.

"ಮನೀಗೆ ಬಂದವರಿಗೆ ಹೋಗ್ರಿ ಅನ್ನಾಕ ಬರ್ತದೇನ? ಮಂದಿ ಏನಂದಾರು?"

ಅಷ್ಟರಲ್ಲಿ ಕೋಣೆಯಿಂದ ಮಗು ಕೂಗಿತು: "ಅವ್ವಾ, ನಾ ಏನ್ ಕರ್ಮ ಮಾಡೀನಿ?"

ತಾಯಿ ಒಲೆ ಆರಿಸಿದಳು. ಚಹಾದ ಪಾತ್ರೆ ತಂದು ಗಂಡನ ಮುಂದೆ ಕುಕ್ಕಿದಳು. "ನೀವ ಸೋಸಿ ಕೊಡ್ರಿ." ಮಗಳ ಬಳಿ ಕುಳಿತಿದ್ದವರನ್ನು ಎಬ್ಬಿಸಿ, ಬಾಗಿಲು ಹಾಕಿಕೊಂಡಳು. "ಎಷ್ಟು ಸೊಕ್ಕು ನೋಡ್ರಿ," ಎಂಬುದು ಒಳಗೂ ಕೇಳಿಸಿತು. ಅವಳು ಮಗಳ ಮುಂದೆ ಚೌಕಾಬಾರದ ಮಣೆ ಇಟ್ಟು ಕವಡೆ ಕೊಟ್ಟಳು.

"ಕರ್ಮಾನೂ ಅಲ್ಲ, ಏನೂ ಅಲ್ಲ ಬಂಗಾರಾ. ಇದು ಜಡ್ಡು. ನಿನ್ನ ತಪ್ಪು ಏನೂ ಇಲ್ಲ. ಕವಡಿ ಹಾಕು."

ಸ್ವಲ್ಪ ಹೊತ್ತಿಗೆ ಹೊರಗಿನ ಗದ್ದಲ ನಿಂತಿತು. ಗಂಡ ಬಾಗಿಲು ಸರಿಸಿ ಇಣುಕಿದ. "ಕೈಮುಗಿದು ಎಲ್ಲಾರನ್ನೂ ಕಳಿಸಿದೆ. ನನ್ನೂ ಆಟಕ್ಕ ಸೇರಿಸ್ಕೊಳ್ರಿ."

"ಮೊದಲ ಕೈ ತೊಳಕೊಂಡು ಬಾ ಅಪ್ಪಾ," ಎಂದಿತು ಮಗು.

ನಗುತ್ತೀರಿ. ಆ ಮನೆಯಿಂದ ಎದ್ದುಹೋದವರು ಯಾರು? ಬೇರೆ ದೇಶದವರೇ? ಕಾಯಿಲೆಯ ಮಗುವಿರುವ ಮನೆಗೆ ಹೋಗುವ ಮುನ್ನ "ಬರಲೇ?" ಎಂದು ಕೇಳಿ. ಬೇಡವೆಂದರೆ ಮುನಿಸಿಕೊಳ್ಳಬೇಡಿ. ಬುತ್ತಿ ಕಟ್ಟಿ ಬಾಗಿಲಲ್ಲೇ ಕೊಟ್ಟು ಹಿಂದಿರುಗಿ. ಅವರ ಬಟ್ಟೆ ಒಯ್ದು ಒಗೆದು ಕೊಡಿ. ಆ ತಾಯಿ ಮಾತಾಡಬೇಕೆಂದಾಗ ನೀವು ಬಾಯಿ ಮುಚ್ಚಿಕೊಂಡು ಕೇಳಿ. ಸತ್ತವರ ಕಥೆ ತೆಗೆಯಬೇಡಿ. ಅಪ್ಪಂದಿರೇ, ಮಂದಿಗೆ ಇಲ್ಲ ಎನ್ನುವ ಕೆಲಸ ನಿಮ್ಮದು. ಅದನ್ನು ಹೆಂಡತಿಯ ತಲೆಗೆ ಕಟ್ಟಬೇಡಿ.

ಇಷ್ಟು ಹೇಳಿದ ಮೇಲೂ, "ಇಲ್ಲಿಂದ ಹಂಗ ಆ ಕೂಸನ್ನ ನೋಡಿಕೊಂಡು ಹೋಗೂಣು," ಎಂದು ಮುಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟುತ್ತಿದ್ದೀರಿ. ಅಕ್ಕಾ, ಇವತ್ತು ಬೇಡ. ಮೊದಲು ಫೋನ್ ಮಾಡಿ ಕೇಳಿ.