ಮೂರನೇ ನೋಜಲ್

ಅಲ್ಲ ಗಂಗಾ, ಗಾಡಿ ಹಿಂದ ನಿಂತ ಏನ ಗೊಣಗಾಕತ್ತಿ? ಮುಂದ ಬಾ. ಇಲ್ಲಿ, ನನ್ನೆದುರಿಗೆ, ಬೆಳಕಿಗೆ ನಿಂದ್ರು. ಹಾಂ... ಈಗ ಹೇಳು. ಏನು? 'ಕಾಕಾ, ಮೂರ ಸಲಾ ಕೇಳೀನಿ' ಅಂತಿಯೇನು? ಕೇಳಿರಬೇಕ ತಗೋ. ತೆಲಿ ಬಾನೆಟ್ಟಿನ್ಯಾಗ ಇಟ್ಟಾವಗ ಹೊರಗಿನ ಮಾತ ತಿಳೀತಾವೇನು?

ಎಷ್ಟೊತ್ತ ಆಗತೈತಿ ಅಂತ ಕೇಳಾಕತ್ತೀಯಲ್ಲ? ನಾಲ್ಕ ನೋಜಲ್ ತಗೀಬೇಕು, ನಾಲ್ಕ ಹೊಸಾವು ಹಾಕಬೇಕು. ಇದೇನ ಕುರಿ ಕತ್ತರಸೂದ ಏನ, ಹಿಡದ ಕೆಡವಿ ಕಚಕ್ ಕಚಕ್ ಅನಸಾಕ? ಮಧ್ಯಾಹ್ನ ಆಗತೈತಿ. ಕೂಡ್ರು. ಆ ಟಾಯರ್ ಮ್ಯಾಲ ಕೂಡ್ರು. ಛೇ, ಆ ಕಡೆ ಮುಖಾ ಮಾಡಿ ಅಲ್ಲ! ರಸ್ತಾ ಏನ ನೋಡ್ತಿ, ಚಿಕ್ಕೋಡಿ ಬಸ್ಸ ನೋಡಿಲ್ಲೇನ ಎಂದೂ? ಈ ಕಡೆ ತಿರಗು.

ಯಾಕ ನಗಾಕತ್ತಿ? ಈ ತವನಪ್ಪ ಮಿಸ್ತ್ರಿಗೆ ಮುಪ್ಪ ಬಂತು, ಮಾತಾಡಾಕ ಮಂದಿ ಬೇಕಾಗ್ಯಾರ ಅಂತ ನಗತಿ ಹೌದಲ್ಲ? ನಗು, ನಗು. ನಿನ್ನ ಜೀಪಿಗೂ ಮುಪ್ಪ ಬಂದೈತಿ. ನಿನಕಿಂತ ನಾಕ ವರ್ಷ ದೊಡ್ಡದು ಇದು. ಮಂದಿ ಇಂಥಾ ಗಾಡಿಗೆ ಬಣ್ಣಾ ಹಚ್ಚಿ, ದೊಡ್ಡ ದೊಡ್ಡ ಟಾಯರ್ ಹಾಕಿಸಿ, ಗುಡ್ಡಾ ಹತ್ತೂ ಶೋಕಿ ಮಾಡ್ತಾರ. ನೀ ಏನ ಮಾಡ್ತಿ? ಎಳೀ ಮರಿ ತುಂಬ್ತಿ, ಕುರಿ ಕೂಡಹಾಕೂ ಬಲಿ ತುಂಬ್ತಿ, ಹಿಟ್ಟಿನ ಚೀಲಾ ತುಂಬ್ತಿ, ಹಳ್ಳದಾಗ ಇಳಸ್ತಿ, ಕಬ್ಬ ಕಡದ ಹೊಲದಾಗ ಹಾರಸ್ತಿ. ಸೀಟಿನ ಸಂದ್ಯಾಗ ನೋಡಿದ್ರ ಬರೇ ಹಿಕ್ಕಿ! ನಾ ಇವತ್ತ ಹೊರಗ ತಗದದ್ದ ಎಷ್ಟ ಗೊತ್ತೈತೇನು? ಒಂದ ಬುಟ್ಟಿ ಗೊಬ್ಬರಾ. ನಮ್ಮ ಮನ್ಯಾಗಿನ ಗುಲಾಬಿ ಗಿಡಕ್ಕ ಆತು.

ಬಾ, ನೋಡು, ಕಲತ್ಕೋ. ಇದs ನೋಜಲ್. ಇದರ ತುದಿ ನೋಡು, ಹೆಂಗ ಕರ್ರಗಾಗೇತಿ. ಡೀಸೆಲ್ ಇದರಾಗಿಂದ ಮಂಜಿನಂಗ ಚಿಮ್ಮಬೇಕು. ಇದು ಏನ ಮಾಡಾಕತ್ತೈತಿ? ಹಲ್ಲಿಲ್ಲದ ಮುದುಕನಂಗ ಜೊಲ್ಲ ಸುರಸಾಕತ್ತೈತಿ. ಅದಕ್ಕ ನಿನ್ನ ಗಾಡಿ ಮುಂಜಾನೆ ಬರೋವಾಗ ಅಷ್ಟ ಹೊಗಿ ಬಿಟ್ಟಿದ್ದು. ನಾ ಹೊಗಿ ನೋಡೇ ಅಂದ್ನಿ, ಗಂಗಾ ಬಂದ್ಲು ಅಂತ.

...ಏನು? ಫೋನಾ? ಎಲ್ಲಿ? ಓ, ಟೇಬಲ್ ಮ್ಯಾಲ. ಬಾರಿಸಲಿ ಬಿಡು. ಯಾರೋ ದ್ರಾಕ್ಷಿ ತ್ವಾಟದಾಂವ ಇರ್ತಾನ, ಟ್ರ್ಯಾಕ್ಟರ ಚಾಲೂ ಆಗವಲ್ದು ಅಂತಾನ. ಕೈಯೆಲ್ಲ ಡೀಸೆಲ್ ಆಗೇತಿ. ಬೇಕಾದ್ರ ಗ್ಯಾರೇಜಿಗೇ ಬರ್ತಾನ. ನನಗ ಎದುರಾ ಎದುರ ಮಾತಾಡೂದs ಸೇರತೈತಿ.

ಒಂದು ಬಂತು. ಎರಡನೇದೂ ಬಂತು. ಈ ಮೂರನೇದ ನೋಡು, ಹೆಂಗ ಹಠಾ ಹಿಡದೈತಿ. ನಿನ್ನಂಗ! ನಿಮ್ಮಣ್ಣ ಮಾಳೇಶ ಗಾಡಿ ಮುಟ್ಟಬ್ಯಾಡ ಅಂದ್ರೂ ಬಿಡದ ತಂದೀಯಲ್ಲ, ಹಂಗ. ಹೌದಲ್ಲ? ಅವಗ ಹೇಳದನ ತಂದಿ ಹೌದಲ್ಲ? ...ನೋಡು, ತೆಲಿ ಕೆಳಗ ಹಾಕಿದಿ. ಅಂಜಬ್ಯಾಡ, ನಾ ಯಾರಿಗೂ ಹೇಳಂಗಿಲ್ಲ. ಈಗ ಆಂವ ನಿಪ್ಪಾಣಿ ಕಡೆ ತಂಬಾಕಿನ ಹೊಲದಾಗ ಕುರಿ ಕೂಡಿಸ್ಯಾನ, ಈಯಲಿಕ್ಕ ಹತ್ಯಾವ, ಬಾಡಿಗಿ ಟೆಂಪೋದಾಂವ ಬರಂಗಿಲ್ಲ ಅಂದಾನ, ಹುಟ್ಟಿದ ಮರಿ ಹೆಗಲ ಮ್ಯಾಲ ಎಷ್ಟ ಹೊರತಿ? ತಿಳೀತೈತಿ ನನಗ. ಛಲೋ ಮಾಡಿದಿ ತಂದದ್ದು.

ಬಂತು! ಮೂರನೇದೂ ಬಂತು.

...ಹಾಂ? ಏನಿಲ್ಲ. ಯಾಕ ಸುಮ್ಮನಾದ್ನಿ? ಏನಿಲ್ಲವ್ವಾ, ಮಸಿ ಅದು. ಮಸಿ ಕಟ್ಟೇತಿ ಒಳಗ. ತಗೀಬೇಕು. ನೀ ಅದನ್ನೆಲ್ಲ ನೋಡಬ್ಯಾಡ, ಆ ಹೊಸಾ ನೋಜಲ್ ಡಬ್ಬಿ ಕೊಡು. ತಾಮ್ರದ ವಾಶರ್ ಅದರಾಗs ಅದಾವ ನೋಡು.

ಕೊಗನೊಳ್ಳಿ ಹತ್ರ ಗಾಡಿ ಬಿದ್ದದ್ದ ನೆನಪಾತೇನು? ನನಗೂ ನೆನಪಾತು. ಯುಗಾದಿ ಆಗಿ ಎಂಟs ದಿನಾ ಆಗಿತ್ತು ಅಲ್ಲ? ನಾ ಈ ನೋಜಲ್ ತಗದ ತೊಳದ ಹಾಕಿ ಕಳಿಸಿದ್ನಿ, ಎರಡ ದಿನಕ್ಕ ನೀ ಹನ್ನೊಂದ ಮರಿ ತುಂಬಕೊಂಡ ಹೈವೇ ಹಿಡದಿ. ಏರಿನ್ಯಾಗ ಗಾಡಿ ದಮ್ಮ ಬಿಟ್ಟ ನಿಂತು, ಹಿಂದ ಹಿಂದ ಜಾರಿ, ಗಟಾರದಾಗ ಕುಂಡಿ ಊರಿತು. ಹಿಂದಿನ ಟ್ರಕ್ಕಿನಾಂವ ಬ್ರೇಕ್ ಹೊಡದ ಕೆಳಗ ಜಿಗದು, ನಿನ್ನ ಬೈಯಾಕ ಅಂತ ಬಾಯಿ ತಗದಾ, ಅಷ್ಟರಾಗ ಮರಿ ಎಲ್ಲಾ ರಸ್ತಾದ ಮ್ಯಾಲ! ಬೈಯೂದ ಬಿಟ್ಟ ಆತನೂ ಮರಿ ಹಿಡ್ಯಾಕ ಹತ್ತಿದ್ನಂತ. ಪಂಜಾಬದಾಂವ, ಎರಡ ಬಗಲಾಗ ಎರಡ ಮರಿ! ಮುಂದ ಎರಡ ದಿನಾ ನೀ ಇದನ್ನ ಹೇಳಿದಾಗೆಲ್ಲಾ ನಕ್ಕೀನಿ ನಾನು.

ಹೌದು. ಒಂದ ಮರಿ ಹೋತು. ಅದನ್ನ ನಗಾಕ ಬರಂಗಿಲ್ಲ. ನೀನೂ ಹೋಗತಿದ್ದಿ ಅವತ್ತ, ಆ ಟ್ರಕ್ಕ ಒಂದ ಮಾರ ಮುಂದ ಬಂದಿದ್ರ...

ಸಾಕ, ಆ ಮಾತ ಬ್ಯಾಡ. ಆರ ತಿಂಗಳ ಗಾಡಿ ತಾಡಪತ್ರಿ ಹೊದಕೊಂಡ ಮಲಗಿತ್ತು, ಈಗ ಎದ್ದೈತಿ. ಹಿಡಿ ಆ ಪಾನಾ. ಅದಲ್ಲ, ಸಣ್ಣದು. ಎರಡೂ ಬಾಜೂ ಬರೋಬರ ಬಿಗೀಬೇಕು, ಒಂದ ಕಡೆ ಜಾಸ್ತಿ ಆದ್ರ ನೋಜಲ್ ಸೊಟ್ಟ ಕೂಡತೈತಿ. ಹಾಂ, ನಾಲ್ಕನೇದೂ ಕೂತ್ತು.

ಈಗ ಪೈಪಿನ್ಯಾಗಿನ ಗಾಳಿ ತಗೀಬೇಕು. ನಾ ಈ ಪಂಪ ಒತ್ತತೀನಿ, ಗುಳ್ಳಿ ಬರೂದ ನಿಂತು ಬರೇ ಡೀಸೆಲ್ ಬಂದಕೂಡಲೆ ಕೈ ಎತ್ತು. ಬಾಯಿಲೆ ಹೇಳಬ್ಯಾಡ, ಕೈ ಎತ್ತು... ಬಂತು? ಭೇಷ್. ಹತ್ತು ಒಳಗ. ಚಾವಿ ತಿರವು. ತಿರವು ಇನ್ನೊಂದೀಟು... ಹಾಂ! ಹಾಂ! ನೋಡಿದಿ? ಹೊಗಿ ನೋಡು, ಹೆಂಗ ತಿಳೀ ಆತು! ಅದರ ಅವಾಜ ಕೇಳು!

ಚಾಲೂ ಬಿಟ್ಟ ಇಳದ ಬಾ. ನಿನಗ ಒಂದ ಪರೀಕ್ಷಾ ಐತಿ. ಯಾಕ, ಸಾಲಿ ಬಿಟ್ಟ ಮ್ಯಾಲ ಪರೀಕ್ಷಾ ಬರಂಗಿಲ್ಲ ಅಂತ ತಿಳದಿದ್ದೇನು? ಬರತೈತಿ. ನಾ ಒಂದೊಂದ ಪೈಪಿನ ನಟ್ಟ ಈಟ ಸಡಲ ಮಾಡ್ತೀನಿ. ಆಗ ಆ ನೋಜಲಿಗೆ ಡೀಸೆಲ್ ಹೋಗೂದಿಲ್ಲ, ಎಂಜಿನ್ನಿನ ಅವಾಜ ಬದಲಾಗಬೇಕು. ಬದಲಾತು ಅಂದ್ರ ಆ ನೋಜಲ್ ಕೆಲಸಾ ಮಾಡಾಕತ್ತೈತಿ. ಬದಲಾಗಲಿಲ್ಲ ಅಂದ್ರ ಅಲ್ಲೇ ಏನೋ ಲಫಡಾ ಐತಿ. ತಿಳೀತು? ಕಣ್ಣ ಮುಚ್ಚು, ಕೇಳು. ಬದಲಾದ್ರ ಹೆಬ್ಬಟ್ಟ ಮ್ಯಾಲ, ಇಲ್ಲಂದ್ರ ಹೆಬ್ಬಟ್ಟ ಕೆಳಗ.

ನನಗ ಗೊತ್ತಾಗತೈತಿ ತಾಯಿ, ನಲವತ್ತ ವರ್ಷ ಇದನ್ನ ಮಾಡೇನಿ! ನಿನಗ ಗೊತ್ತಾಗತೈತೋ ಇಲ್ಲೋ ನೋಡಬೇಕಾಗೈತಿ. ಒಂದ... ಮ್ಯಾಲ. ಭೇಷ್. ಎರಡ... ಮ್ಯಾಲ. ಭಾರಿ ಶಾಣ್ಯಾಕಿ. ಮೂರ...

ಯಾಕ? ಮ್ಯಾಲೂ ಇಲ್ಲ, ಕೆಳಗೂ ಇಲ್ಲ, ನಡುವ ಹಿಡದಿ? ಇದೇನ ಪಂಚಾಯತಿಯೇನ, ಎರಡೂ ಕಡೆದಾವರಿಗೂ ಹೌದ ಅನ್ನಾಕ? ಕಣ್ಣ ತಗದ ನನ್ನ ನೋಡಿ ಹೇಳು. ...ಅವಾಜ ಬದಲಾತು, ಆದರ ಸಣ್ಣಗ ಊದಿದಂಗ ಬರಾಕತ್ತೈತಿ. ಫುಸ್... ಫುಸ್ ಅಂತ. ಎಲ್ಲಿ? ಬುಡಕಾ?

ಹೂಂ. ಹೂಂ. ನನಗೂ ಹಂಗs ಅನಿಸಿತ್ತು. ನಿನ್ನ ಬಾಯಿಲೆ ಬರಲಿ ಅಂತ ಸುಮ್ಮನಿದ್ನಿ. ಸರಿ... ಈ ಬೋಲ್ಟ ಒಂದ ಕಾಲ ಸುತ್ತ. ಈಗ? ಇನ್ನೂ ಬರತೈತಿ? ಆ ಬಾಜೂ ಈಟ... ಈಗ? ನಿಂತು? ಪಕ್ಕಾ? ನೋಡು ಗಂಗಾ, ಪಕ್ಕಾ ಅನ್ನು. ತೆಲಿ ಹಾಕಿದ್ರ ಸಾಲದು, ಆಣಿ ಮಾಡಿ ಹೇಳಿದಂಗ ಹೇಳು.

ನಿಂತು. ಆತು. ನಾಲ್ಕ... ಮ್ಯಾಲ. ಪಾಸ ಆದಿ! ಬೀರದೇವರಿಗೆ ಭಂಡಾರಾ ಹಾರಸು, ನನಗ ಒಂದ ತಂಬಗಿ ಕುರಿ ಹಾಲ ತಂದ ಕೊಡು. ನಮ್ಮ ಕಸ್ತೂರಿಗೆ ಗೊತ್ತಾಗದಂಗ ತಾ, ಆಕಿಗೆ ಅದರ ವಾಸನಿ ಆಗಂಗಿಲ್ಲ.

ಬಾನೆಟ್ ಮುಚ್ಚೇನಿ. ನೀ ಒಳಗ ಕೂತ ಸ್ವಲ್ಪ ರೇಸ್ ಮಾಡಿಕೋತ ಇರು, ನಾ ಈ ಕೈ ತೊಳಕೋತೀನಿ. ಈ ಮಸಿ ಅಂದ್ರ ಮಸಿ! ಸಾಬಾಣಕ್ಕ ಹೋಗಂಗಿಲ್ಲ, ಮಣ್ಣ ಹಚ್ಚಿ ತಿಕ್ಕಬೇಕು. ಕೇಳಾಕತ್ತೀಯಿಲ್ಲ ಗಂಗಾ, ಹೆಂಗ ಓಡಾಕತ್ತೈತಿ? ಹೊಸಾ ಗಾಡಿನೂ ಹಿಂಗ ಓಡಂಗಿಲ್ಲ. ನಾ ಒಬ್ಬೊಬ್ಬ ಹುಡುಗ ಮೆಕ್ಯಾನಿಕ್ಕನ್ನ ನೋಡೇನಿ, ಕಂಪ್ಯೂಟರ್ ಹಚ್ಚತಾರ, ಮಷೀನ್ ಹಚ್ಚತಾರ. ಈ ತವನಪ್ಪನ ಕಿವೀನs ಮಷೀನು! ದೂರಿಂದ ಬರೂ ಗಾಡಿ ಅವಾಜ ಕೇಳಿ ಯಾವ ನೋಜಲ್ ಹೋಗೇತಿ ಅಂತ ಹೇಳ್ತಿದ್ನಿ. ಕೇಳು, ಈಗ ಇದರ ಅವಾಜ ಕೇಳು, ಗಾಣಾ ತಿರಗಿದಂಗ, ಒಂದ ಲಯದಾಗ, ಒಂದ ಕಡೆನೂ ತಪ್ಪವಲ್ದು. ಆಹಾ... ಇಂಥಾ ಅವಾಜ ಕೇಳಾಕ ಎಷ್ಟ ಚಂದ...

ಯಾಕ ಗಂಗಾ?

ಯಾಕ ಇಳದ ಬಂದಿ? ಯಾಕ ಹಂಗ ನಿಂತಿ? ಏನರ ಅಂದೇನು? ...ಇಲ್ಲ, ತುಟಿ ಅಳ್ಯಾಡವಲ್ದು. ಮತ್ಯಾಕ ಹಂಗ ನೋಡ್ತಿ ನನ್ನ? ಅದೇನ ಕೈಯಾಗ?

ಚಾವಿ.

ಚಾವಿ ನಿನ್ನ ಕೈಯಾಗ ಐತಿ.

...ತಡಿ. ಬಾನೆಟ್ ಮ್ಯಾಲ ಕೈ ಇಟ್ಟ ನೋಡ್ತೀನಿ. ಬಿಸಿ ಐತಿ. ನಡಗವಲ್ದು. ಯಾವಾಗ ಬಂದ್ ಮಾಡಿದಿ? ನಾ ಕೈ ತೊಳ್ಯಾಕ ತಿರಗಿದ ಕೂಡಲೇ? ...ಹೂಂ. ಅಂದ್ರ ಆಗಿಂದ... ನಾ ಬಂದ್ ಬಿದ್ದ ಗಾಡೀನ ಹೊಗಳಿಕೋತ ನಿಂತಿದ್ನಿ.

ನಗು ಗಂಗಾ. ನಗೂ ಮಾತ ಐತಿ. ನಗವಲ್ಲಿ ಯಾಕ?

ಎರಡ ವರ್ಷ ಆತು. ಮೊದಲ ಎಡಗಿವಿ, ಆಮ್ಯಾಲ ಬಲಗಿವಿ. ಈಗ ಯಾರರ ಕಿವ್ಯಾಗ ಬಂದ ಒದರಿದ್ರ ಮೋಡ ಗುಡಗಿದಂಗ ಅನಸತೈತಿ, ಮಾತ ತಿಳ್ಯಂಗಿಲ್ಲ. ತುಟಿ ನೋಡಿ ತಿಳಕೋತೀನಿ. ಪೈಪಿನ ಮ್ಯಾಲ ಬೆರಳ ಇಟ್ಟ ಎಂಜಿನ್ ನೋಡ್ತೀನಿ. ಬಾಳ ಕೆಲಸಾ ಹಂಗs ದಾಟತಾವ. ಕಸ್ತೂರಿಗೂ ಗೊತ್ತಿಲ್ಲ. ಆಕಿ ಹೇಳಿದ್ದಕ್ಕೆಲ್ಲಾ ಹೂಂ ಅಂತೀನಿ. ಈಗೀಗ ಗಂಡ ನನ್ನ ಮಾತ ಕೇಳಾಕತ್ತಾನ ಅಂತ ಓಣಿ ತುಂಬ ಹೇಳ್ಯಾಳ! ಡಾಕ್ಟರ್ ಕಿವಿಗೆ ಹಾಕೂ ಮಷೀನ್ ಕೊಟ್ಟಾರ, ಆ ಟೇಬಲ್ಲಿನ ಖಾನ್ಯಾಗ ಐತಿ. ಅದನ್ನ ಹಾಕ್ಕೊಂಡ ಕೂತ್ರ ಯಾರ ಗಾಡಿ ತರ್ತಾರ ಹೇಳು? ಕಿವುಡ ಮಿಸ್ತ್ರಿ ಅಂತಾರ.

ಇಲ್ಲ. ಇಷ್ಟs ಅಲ್ಲ. ನೀ ಹಂಗ ನಿಂತದ್ದ ನೋಡಿದ್ರ ನಿನಗ ಪೂರಾ ತಿಳದೈತಿ ಅನಸತೈತಿ. ಆದರೂ ನಾನs ಹೇಳಬೇಕು.

ಯುಗಾದ್ಯಾಗ ಮೂರನೇ ನೋಜಲ್ ಬುಡಕ ಹಳೇ ವಾಶರ್ ಅಂಟಿಕೊಂಡ ಉಳದಿತ್ತು. ನಾ ತಗೀಲಿಲ್ಲ. ಅದರ ಮ್ಯಾಲs ಹೊಸಾದ ಹಾಕಿ ಬಿಗದ್ನಿ. ಹಂಗಾದ್ರ ನೋಜಲ್ ಬರೋಬರ ಕೂಡಂಗಿಲ್ಲ, ಬುಡದಾಗಿಂದ ಗಾಳಿ ಬಿಡತೈತಿ, ಏರಿನ್ಯಾಗ ಎಂಜಿನ್ನಿಗೆ ದಮ್ಮ ಸಾಲಂಗಿಲ್ಲ. ಇವತ್ತ ಮೂರನೇದ ತಗದಾಗ ಎರಡ ವಾಶರ್ ಒಂದರ ಮ್ಯಾಲೊಂದ ಕಂಡೂವು, ಎರಡೂ ಕಿತ್ತ ತಗದ್ನಿ. ನಿನಗ ಮಸಿ ಅಂದ್ನಿ. ಸುಳ್ಳ ಹೇಳಿದ್ನಿ.

ಅವತ್ತ ನೀ ಇಲ್ಲೇ ನಿಂತ ಹೇಳಿದ್ದಿ. 'ಕಾಕಾ, ಏನೋ ಊದಿದಂಗ ಬರಾಕತ್ತೈತಿ' ಅಂದಿ. ನಿನ್ನ ತುಟಿ ನೋಡಿ ತಿಳದಿತ್ತು ನನಗ. ಕೇಳಸಂಗಿಲ್ಲ ಅನ್ನಾಕ ನಾಚಿಕಿ ಬಂತು. ಹೊಸಾ ವಾಶರ್ ಹಂಗs ಅಂತೈತಿ, ಎರಡ ದಿನಾ ಓಡಿದ್ರ ಕೂಡತೈತಿ ಅಂತ ಹೇಳಿ ಕಳಿಸಿದ್ನಿ. ಗಾಡಿ ಗಟಾರದಾಗ ಬಿದ್ದ ಮ್ಯಾಲ ಮಾಳೇಶ ಬಂದ ಕೇಳಿದಾ. ಆಗರ ಹೇಳಬೇಕಾಗಿತ್ತು. ಡೀಸೆಲ್ದಾಗ ನೀರ ಇರಬೇಕು, ಇಲ್ಲಾಂದ್ರ ಹೆಣ್ಮಗಳು, ಏರಿನ್ಯಾಗ ಗೇರ್ ತಪ್ಪ ಹಾಕ್ಯಾಳ ಅಂದ್ನಿ. ಆಂವ ನನ್ನ ಮಾತ ನಂಬಿದಾ. ನಿನ್ನ ಕೈಯಾಗಿನ ಚಾವಿ ಕಸಗೊಂಡಾ.

ನೀನೂ ನಂಬಿದಿ ಅಲ್ಲ? 'ನನ್ನ ಕೈದs ತಪ್ಪ ಇರಬೇಕು' ಅಂತ. ಆರ ತಿಂಗಳ.

ಬೈ ಗಂಗಾ. ಮುಖಾ ಈ ಕಡೆ ಮಾಡಿ ಬೈ, ಒಂದ ಮಾತೂ ತಪ್ಪಬಾರದ ನನಗ.

...

ಅಳಬ್ಯಾಡವ್ವಾ. ಅತ್ರ ನನಗ ಏನೂ ತಿಳ್ಯಂಗಿಲ್ಲ.

ತಡಿ, ಅಂಗಿ ಹಾಕ್ಕೋತೀನಿ. ಶಟರ್ ಎಳೀತೀನಿ. ಫೋನಿನ್ಯಾಗ ಹೇಳೂ ಮಾತಲ್ಲ ಇದು, ಫೋನಿನ್ಯಾಗ ನನಗ ಏನ ಕೇಳತೈತಿ? ಮಾಳೇಶನ ಎದುರ ನಿಂತ, ನಾಲ್ಕ ಕುರುಬರ ಮುಂದ, ತಪ್ಪ ನಂದು, ಗಂಗಾಂದಲ್ಲ ಅಂತ ನನ್ನ ಬಾಯಿಲೆ ಹೇಳ್ತೀನಿ. ಆಮ್ಯಾಲ ಆಂವ ನನಗ ಬಡಗಿಲೆ ಹೊಡದ್ರೂ ಆತು. ...ಏನಂದಿ? ಆಂವ ಹೊಡ್ಯಂಗಿಲ್ಲ? ಹೊಡೀಬೇಕವ್ವಾ. ಒಂದ ಏಟರ ಹೊಡೀಲಿ.

ಇಲ್ಲ ಇಲ್ಲ, ನಾ ಆ ಕಡೆ ಕೂಡತೀನಿ. ನಿಪ್ಪಾಣಿ ತನಕ ನೀನs ಹೊಡಿ. ಹತ್ತು.

ಹಚ್ಚು ಚಾವಿ... ಆತು? ಹಾಂ, ಆತು. ಸೀಟ ನಡಗಾಕತ್ತು. ನಡಿ.