ಜಿಪ್ ಎಳೆದ ಟೆಂಟು

ಇದನ್ನು ಒಮ್ಮೆ ಹಗಲು ಹೊತ್ತಿನಲ್ಲಿ ಹೇಳಿ ನೋಡಿದೆ. ಹಗಲಲ್ಲಿ ಕೇಳುವವರು ನಡುವೆ ಬಾಯಿ ಹಾಕುತ್ತಾರೆ, ಕಾರಣ ಹುಡುಕಿ ಕೊಡುತ್ತಾರೆ. ರಾತ್ರಿ ಯಾರೂ ಹಾಗೆ ಮಾಡುವುದಿಲ್ಲ. ಕೇಳಿ... ಕಂಡದ್ದನ್ನು ಕಂಡೆ ಎನ್ನುತ್ತೇನೆ, ಕೇಳಿದ್ದನ್ನು ಕೇಳಿದೆ ಎನ್ನುತ್ತೇನೆ. ಎರಡನ್ನೂ ಬೆರೆಸುವ ಅಭ್ಯಾಸ ನನಗಿಲ್ಲ.

ಎರಡು ಸಾವಿರದ ಒಂದು, ಜೂನ್ ಕೊನೆ. ನಾನೂ ನನ್ನ ಚಿಕ್ಕಪ್ಪನ ಮಗ ಯೋಗಾನಂದನೂ ಸ್ಯಾನ್ ಹೊಸೆಯ ಎವರ್‌ಗ್ರೀನಿನಲ್ಲಿ ಒಂದು ಸಾವಿನ ಮನೆಯಿಂದ ನಡೆದು ಬರುತ್ತಿದ್ದೆವು. ಅವನ ಗೆಳೆಯ ಹರ್ಷನನ್ನು ಆ ಮಧ್ಯಾಹ್ನ ತಾನೇ ಸುಟ್ಟು ಬಂದಿದ್ದೆವು. ಆ ಮನೆಯಿಂದ ನಮ್ಮ ಮನೆಗೆ ಗುಡ್ಡದ ಬದಿಯ ರಸ್ತೆ. ಮಧ್ಯದಲ್ಲಿ ಒಂದು ಹಳೇ ಓಕ್ ಮರ, ಅಲ್ಲಿಂದಾಚೆಗೆ ಬೀದಿದೀಪವಿಲ್ಲ. ಮರದ ಹತ್ತಿರ ಬಂದಾಗ ಯೋಗಾನಂದ ನಿಂತುಬಿಟ್ಟ.

"ಅಣ್ಣಯ್ಯ... ನೀನು ನನ್ನ ಹಿಂದೆ ಬರಬೇಡ. ಪಕ್ಕದಲ್ಲಿ ಬಾ."

"ಪಕ್ಕದಲ್ಲೇ ಇದ್ದೀನಲ್ಲೋ."

"ಹಾಗಾದ್ರೆ ಹಿಂದೆ ಇರೋದು ಯಾರು?"

ನಾನು ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಒಣಗಿದ ಎಲೆ, ರಸ್ತೆ, ದೂರದಲ್ಲಿ ಫ್ರೀವೇಯ ಮೊರೆತ. ಅವನು ಮಾತ್ರ ತಿರುಗಲಿಲ್ಲ. ಗದರಿದೆ. ಎಂಜಿನಿಯರಿಂಗ್ ಓದಿದವನು ಹೀಗೆಲ್ಲ ಆಡಬಾರದು ಎಂದೆ. ಅವನು ಮರಕ್ಕೆ ಬೆನ್ನು ಒತ್ತಿಕೊಂಡು ನಿಂತ. ಬೆನ್ನ ಹಿಂದೆ ಗಟ್ಟಿಯಾದದ್ದು ಏನೋ ಸಿಕ್ಕ ಮೇಲೆ, ಪಿಸುದನಿಯಲ್ಲಿ ಹೇಳಲು ಶುರುಮಾಡಿದ.

ಆ ವರ್ಷ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ಇವರ ಕಂಪನಿ ಎಲ್ಲರಿಗೂ ಸಂಬಳವಿಲ್ಲದ ರಜೆ ಕೊಟ್ಟು ಕಳಿಸಿತ್ತು. ವಾಪಸು ಬಂದಾಗ ಕೆಲಸ ಇರುತ್ತದೆಂದು ಯಾರೂ ಮಾತು ಕೊಟ್ಟಿರಲಿಲ್ಲ. ಮನೆಯಲ್ಲಿ ಕೂತು ಫೋನು ಕಾಯುವುದಕ್ಕಿಂತ ಉತ್ತರಕ್ಕೆ ಹೋಗಿಬಿಡೋಣ ಎಂದು ಆರು ಜನ ಎರಡು ವ್ಯಾನಿನಲ್ಲಿ ಹೊರಟರು. ಕೆನಡಾದ ಗಡಿ ದಾಟಿ, ಅಲ್ಲಿನ ಯೂಕಾನಿನ ಜಲ್ಲಿ ರಸ್ತೆ ಹಿಡಿದು, ರಸ್ತೆ ಮುಗಿಯುವ ತನಕ. ಗುಂಪಿಗೆ ದೊಡ್ಡವರು ಮುನಿರಾಜು. ದೇವನಹಳ್ಳಿ ಕಡೆಯವರು, ಹರ್ಷನಿಗೆ ಸ್ವಂತ ಸೋದರಮಾವ. ಎಲ್ಲರಿಗಿಂತ ಚಿಕ್ಕವನು ಹರ್ಷ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಹೆಂಡತಿ ನಿಸರ್ಗಾ ಸ್ಯಾನ್ ಹೊಸೆಯಲ್ಲೇ ಉಳಿದಿದ್ದಳು. ಅವಳ ಕೆಲಸ ಇನ್ನೂ ಹೋಗಿರಲಿಲ್ಲ.

ಅಲ್ಲಿ ಜೂನಿನಲ್ಲಿ ಕತ್ತಲಾಗುವುದಿಲ್ಲ. ಇದನ್ನು ನೆನಪಿಡಿ. ಸೂರ್ಯ ಬೆಟ್ಟದ ಅಂಚಿಗೆ ಇಳಿದು, ಮಸುಕಾಗಿ, ಮತ್ತೆ ಏಳುತ್ತಾನೆ. ಚಳಿ ಮಾತ್ರ ಚಳಿಯೇ. ಇಳಿಜಾರುಗಳಲ್ಲಿ ಹಿಮ, ನದಿಯ ದಡದಲ್ಲಿ ಇನ್ನೂ ಮಂಜುಗಡ್ಡೆಯ ಚೂರು. ಮರವೆಂದರೆ ಆಳೆತ್ತರದ ಸೊರಗಿದ ಮರ. ಇಡೀ ದಿನಕ್ಕೆ ಒಂದು ಲಾರಿ ಕಂಡರೆ ಹೆಚ್ಚು.

ನದಿಯ ಹತ್ತಿರ ಟೆಂಟು ಹಾಕಿದ ಸಂಜೆ ಹರ್ಷ ಮಾವನನ್ನು ಕೆಣಕಿದನಂತೆ.

"ಮಾವ, ಬ್ರೆಡ್ಡು ತಿಂದೂ ತಿಂದೂ ನನ್ನ ಹೊಟ್ಟೆ ಇಂಗ್ಲಿಷಲ್ಲಿ ಬೈತಾ ಇದೆ. ಇವತ್ತು ಚಿತ್ರಾನ್ನ ಮಾಡಿ. ಅಕ್ಕಿ, ಅರಿಶಿನ ಮನೆಯಿಂದ ಹೊತ್ತು ತಂದಿದ್ದು ಕೆನಡಾ ತೋರಿಸೋಕಾ?"

"ನೀರು ತಾರೋ ಸೋಮಾರಿ. ನೀರಿಲ್ದೆ ಅನ್ನ ನಿಮ್ಮಪ್ಪ ಬೇಯಿಸ್ತಾನಾ?"

ಹರ್ಷ ನಗುತ್ತಾ ಖಾಲಿ ಕ್ಯಾನು ಎತ್ತಿಕೊಂಡು ಹೋದ. ಕ್ಯಾನು ಮೊಣಕಾಲಿಗೆ ಬಡಿಯುವ ಸದ್ದು, ಡಬ್... ಡಬ್... ಇಳಿಜಾರಿನುದ್ದಕ್ಕೂ ಕೇಳಿತು. ಅಷ್ಟರಲ್ಲಿ ಮಂಜು ಇಳಿಯಿತು. ಡಬ್ ಎನ್ನುವುದು ಒಮ್ಮೆ ನಿಂತಿತು. ಮತ್ತೆ ಶುರುವಾಗಲಿಲ್ಲ.

ಕೂಗಿದರು. ಹುಡುಕಿದರು. ದಡದಲ್ಲಿ ಕ್ಯಾನು ಸಿಕ್ಕಿತು, ಮುಚ್ಚಳ ತೆಗೆದಿತ್ತು, ಒಳಗೆ ಒಂದು ಹನಿ ನೀರಿಲ್ಲ. ಒಬ್ಬ ವ್ಯಾನು ಓಡಿಸಿಕೊಂಡು ದೂರದ ಪೆಟ್ರೋಲು ಬಂಕಿಗೆ ಹೋಗಿ ಫೋನು ಮಾಡಿದ. ಪೊಲೀಸರು ಬಂದರು, ನಾಯಿ ಬಂತು, ಹೆಲಿಕಾಪ್ಟರ್ ಬಂತು. ಮೂರನೆಯ ದಿನ ಅಧಿಕಾರಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಮಾತಾಡಿದ. ಆ ನೀರಿಗೆ ಬಿದ್ದ ಮನುಷ್ಯ ಕಾಲು ಗಂಟೆ ಬದುಕುವುದೂ ಕಷ್ಟ. ಮಂಜಿನಲ್ಲಿ ದಾರಿ ತಪ್ಪಿದ್ದರೂ ಇಷ್ಟು ಹೊತ್ತಿಗೆ... ನೀವು ಮನೆಗೆ ಹೋಗಿ, ನಾವು ನದಿಯ ಕೆಳಗಡೆ ನೋಡುತ್ತೇವೆ ಎಂದ.

ಯೋಗಾನಂದ ಬಂಕಿನಿಂದ ನಿಸರ್ಗಾಗೆ ಫೋನು ಮಾಡಿದ. ಅವಳು ಅಳಲಿಲ್ಲ. "ನಾನು ಕಣ್ಣಲ್ಲಿ ನೋಡೋ ತನಕ ಅವರಿಗೆ ಯಾರೂ ತಿಥಿಗಿಥಿ ಏನೂ ಮಾಡಕೂಡದು. ಮಾವನಿಗೂ ಹೇಳಿ. ಅವರು ಬದುಕಿದ್ದಾರೆ. ನೀವು ಅಲ್ಲೇ ಇರಿ," ಎಂದಳು.

ಮಾವನಿಗೆ ಹೇಳಿದ. ಮುನಿರಾಜು ತಲೆಯಾಡಿಸಿದರು.

"ಪಾಪ, ಅದು ಮಗು. ಅದಕ್ಕೇನು ಗೊತ್ತು? ಇವತ್ತು ಮೂರನೇ ದಿನ. ಹಾಲು ತುಪ್ಪ ಬಿಡಬೇಕು. ಹಸ್ಕೊಂಡು ಹೋಗವನೆ ನನ್ನ ಮಗ... ಈ ಚಳೀಲಿ, ಈ ಕಾಡಲ್ಲಿ, ಹಸ್ಕೊಂಡೇ ಅಲೀಬೇಕಾ?"

ಯಾರೂ ಎದುರಾಡಲಿಲ್ಲ. ಹಾಲಿನ ಪುಡಿ ಕಲಸಿದರು. ಮುನಿರಾಜು ಅಳುತ್ತಲೇ ಚಿತ್ರಾನ್ನ ಮಾಡಿದರು. ಎಡೆ ಎಲ್ಲಿಡುವುದು? ಹೊರಗಿಟ್ಟರೆ ಕರಡಿ ಬರುತ್ತದೆ. ಹರ್ಷನ ಟೆಂಟು ಹಾಕಿದಲ್ಲೇ ಇತ್ತು, ಬಿಚ್ಚಲು ಯಾರಿಗೂ ಮನಸ್ಸು ಬಂದಿರಲಿಲ್ಲ. ಅದರೊಳಗೇ ಇಡು ಎಂದರು. ತಟ್ಟೆ ತೆಗೆದುಕೊಂಡು ಬಗ್ಗಿ ಒಳಗೆ ಕೈ ಚಾಚಿದವನು ಯೋಗಾನಂದ. ಮೂಲೆಯಲ್ಲಿ ಸ್ಲೀಪಿಂಗ್ ಬ್ಯಾಗು ಗುಡ್ಡೆಯಾಗಿ ಬಿದ್ದಿತ್ತು. ಅದನ್ನು ನೋಡಲಾರದೆ ಮುಖ ಆಚೆ ಮಾಡಿ, ತಟ್ಟೆ ಇಟ್ಟು, ಜಿಪ್ ಎಳೆದ. ಝರ್ರ್...

"ಎಲ್ಲರೂ ಆ ಕಡೆ ತಿರುಗ್ರೋ," ಎಂದರು ಮುನಿರಾಜು. "ಉಣ್ಣೋವಾಗ ನೋಡಬಾರದು."

ಹಳೇ ಮೈಸೂರು ಕಡೆಯ ಮನೆಗಳಲ್ಲಿ ಹುಟ್ಟಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹಿರಿಯರಿಗೆ ಎಡೆ ಇಟ್ಟು, ಬಾಗಿಲು ಹಾಕಿ, ಎಲ್ಲರೂ ಹೊರಗೆ ನಿಲ್ಲುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತಟ್ಟಿ ಒಳಗೆ ಹೋಗುತ್ತಾರೆ.

ಐದು ಜನ ಟೆಂಟಿಗೆ ಬೆನ್ನು ಮಾಡಿ, ನದಿ ನೋಡುತ್ತಾ ನಿಂತರು. ಗಾಳಿ ಇರಲಿಲ್ಲ. ಮೊದಲು ಬಟ್ಟೆ ಬಟ್ಟೆಗೆ ಉಜ್ಜಿದ ಸದ್ದು, ಸರ್... ಆಮೇಲೆ ಸ್ಟೀಲಿನ ತಟ್ಟೆ ನೆಲದ ಮೇಲೆ ಜರುಗಿದ ಸದ್ದು. ಆಮೇಲೆ ಹಲ್ಲಿನ ನಡುವೆ ಕಡಲೆಬೀಜ. ಕಟುಂ... ಕಟುಂ... ನಿಧಾನವಾಗಿ, ಬಹಳ ನಿಧಾನವಾಗಿ.

ಮುನಿರಾಜು ಎರಡೂ ಕೈ ಮುಗಿದರು. ಕಣ್ಣಲ್ಲಿ ನೀರು ಹರಿಯುತ್ತಿತ್ತು, ಮುಖ ಮಾತ್ರ ಸಮಾಧಾನವಾಗಿತ್ತಂತೆ. "ಬಂದ," ಎಂದು ಉಸುರಿದರು. "ಉಣ್ತಾ ಅವನೆ. ಯಾರೂ ತಿರುಗಬೇಡಿ."

ಇನ್ನೊಬ್ಬ ಕೇಳಿದ. "ಅಣ್ಣ, ತಟ್ಟಿ ನೋಡೋದು ಬೇಡ್ವಾ?"

"ಬೇಡ. ತೃಪ್ತಿಯಾಗಿ ಉಣ್ಲಿ. ಟೆಂಟು ಹಂಗೇ ಇರ್ಲಿ, ಅವನದು ಅದು. ನಡೀರಿ."

ವ್ಯಾನು ಹತ್ತಿದರು. ಕನ್ನಡಿಯಲ್ಲೂ ಯಾರೂ ನೋಡಲಿಲ್ಲ. ಬೆಳಕು ಬೇಕಾದಷ್ಟಿತ್ತು. ತೆಳು ಬಟ್ಟೆಯ ಟೆಂಟು. ತಿರುಗಿದ್ದರೆ ನೆರಳಾದರೂ ಕಾಣುತ್ತಿತ್ತು.

ಇಷ್ಟು ಹೇಳಿ ಯೋಗಾನಂದ ಮರಕ್ಕೆ ಇನ್ನಷ್ಟು ಒತ್ತಿಕೊಂಡ. ನಾನು, ಸರಿ, ಹೆಗ್ಗಣವೋ ಅಳಿಲೋ ನುಗ್ಗಿರಬೇಕು, ನಡಿ, ಎಂದೆ. ಅವನು ನನ್ನ ತೋಳು ಹಿಡಿದುಕೊಂಡ.

"ಅಣ್ಣಯ್ಯ, ವ್ಯಾನಿನ ಬಾಗಿಲು ಹಾಕೋ ಮುಂಚೆ ಇನ್ನೊಂದು ಕೇಳಿಸ್ತು. ನಾನೇ ಕೊನೇಲಿ ಹತ್ತಿದ್ದು. ನನಗೊಬ್ಬನಿಗೇ ಕೇಳಿಸ್ತು."

"ಏನು?"

"ಕೆಮ್ಮು." ಅವನ ಹಲ್ಲು ಕಟಕಟ ಎನ್ನುತ್ತಿತ್ತು. "ಒಂದೇ ಸಲ. ಗಂಟಲು ಕಟ್ಟಿದವರು ಕೂಗೋಕೆ ಹೋದ್ರೆ ಬರುತ್ತಲ್ಲ, ಹಾಗೆ... ದೆವ್ವ ಕೆಮ್ಮುತ್ತಾ ಅಣ್ಣಯ್ಯ?"

ಅವನ ಕೈ ಹಿಡಿದು ಮನೆಯ ಕಡೆ ನಡೆಸಿದೆ.

ಶವ ಸಿಕ್ಕಿದ್ದು ನದಿಯಲ್ಲಿ, ತುಂಬಾ ಕೆಳಗೆ, ಬಿದ್ದ ಮರಗಳ ಸಂದಿಯಲ್ಲಿ. ಯಾವತ್ತು ಸತ್ತ? ಅಂಥ ತಣ್ಣೀರಿನಲ್ಲಿ ದಿನ ಹೇಳಲು ಬರುವುದಿಲ್ಲ ಎಂದರು. ಮೊದಲ ಸಂಜೆಯೂ ಇರಬಹುದು, ಇವರು ಹೊರಟ ಮೇಲೂ ಇರಬಹುದು. ಟೆಂಟು ನಿಂತಲ್ಲೇ ನಿಂತಿತ್ತು. ಜಿಪ್ ಎಳೆದೇ ಇತ್ತು. ತಟ್ಟೆ ಖಾಲಿ.

ಇನ್ನು ಮುಂದಿನದು ನಾನೇ ಕಂಡದ್ದು. ಅದೇ ಮಧ್ಯಾಹ್ನ, ಸುಡುವ ಮುಂಚೆ, ಫ್ಯೂನರಲ್ ಹೋಮಿನಲ್ಲಿ ನಿಸರ್ಗಾ ಗಂಡನ ಬಲಗೈ ಎತ್ತಿ ತನ್ನ ಅಂಗೈಯಲ್ಲಿಟ್ಟುಕೊಂಡಳು. ತುಂಬಾ ಹೊತ್ತು ನೋಡಿದಳು. ಉಗುರಿನ ಸಂದಿಗಳಲ್ಲಿ ಅರಿಶಿನದ ಹಳದಿ. ಅಷ್ಟು ದಿನ ನೀರಲ್ಲಿದ್ದ ಕೈ. ನಾನು ಹತ್ತಿರ ನಿಂತಿದ್ದೆ, ನನ್ನ ಕಣ್ಣು ಚೆನ್ನಾಗಿದೆ.

"ಇವರಿಗೆ ಊಟ ಹಾಕಿದ್ದು ಯಾರು?" ಎಂದು ಕೇಳಿದಳು.

ಮುನಿರಾಜು ಗೋಡೆ ಹಿಡಿದುಕೊಂಡು ಕೂತುಬಿಟ್ಟರು. ಯೋಗಾನಂದ ಅವಳ ಕಿವಿಯಲ್ಲಿ ಎಲ್ಲವನ್ನೂ ಹೇಳಿದ, ಕೆಮ್ಮು ಒಂದನ್ನು ಬಿಟ್ಟು; ಏನು ಹೇಳಿದನೆಂದು ನನಗೆ ತಿಳಿದದ್ದು ರಾತ್ರಿ ಆ ಮರದ ಕೆಳಗೆ. ಅವಳು ಕೇಳಿಸಿಕೊಂಡು ಒಂದೇ ಮಾತು ಆಡಿದಳು. "ತಟ್ಟಿದ್ರೆ ಏನಾಗ್ತಿತ್ತು ಮಾವ?"

ಮುನಿರಾಜು ಆಮೇಲೆ ಹೆಚ್ಚು ದಿನ ಇಲ್ಲಿರಲಿಲ್ಲ, ಊರಿಗೆ ಹೋದರು. ಬೆಡ್ಡಿನ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂತೇ ನಿದ್ದೆ ಮಾಡುತ್ತಾರೆಂದು ಕೇಳಿದೆ. ಯೋಗಾನಂದನೂ ಅಷ್ಟೇ. ಕೆಲಸ ಹೋಯಿತು, ಇನ್ನೊಂದು ಹುಡುಕಲಿಲ್ಲ.

ಮಾರನೆಯ ವರ್ಷ ನಿಸರ್ಗಾ ಗಿಲ್‌ರಾಯ್‌ಗೆ ಮನೆ ಬದಲಿಸಿದ್ದಳು. ವರ್ಷದ ತಿಥಿಗೆ ನನ್ನನ್ನು ಕರೆದಳು. ಇನ್ನು ಯಾರೂ ಇರಲಿಲ್ಲ. ಜೂನಿನ ಸೆಕೆ, ಕಿಟಕಿಯಿಂದ ಹೊಲದ ಬೆಳ್ಳುಳ್ಳಿಯ ವಾಸನೆ. ಫೋಟೋದ ಮುಂದೆ ತಟ್ಟೆ ಇಟ್ಟಳು. ಕುಕ್ಕರಿನಿಂದ ಅನ್ನ ಬಡಿಸಿದ್ದು ನಾನು, ಕೈಗೆ ಹಬೆ ಬಡಿದು ಚುರುಕ್ ಎಂದಿತು. ಪಕ್ಕದಲ್ಲಿ ಬಟ್ಟಲಿನಲ್ಲಿ ಸಾರು. ನಾನು ಏಳಹೋದೆ.

"ಕೂತ್ಕೊಳ್ಳಿ ಅಣ್ಣ. ನಾನು ಬಾಗಿಲು ಹಾಕಲ್ಲ."

"ನೋಡ್ತಾ ಕೂತರೆ ಅವರು ಬರೋದಿಲ್ಲ ಅಂತಾರೆ, ನಿಸರ್ಗಾ."

"ಗೊತ್ತು." ತಟ್ಟೆಯಿಂದ ಕಣ್ಣು ತೆಗೆಯದೆ, ಬಹಳ ಮೆಲ್ಲಗೆ ಹೇಳಿದಳು. "ನೋಡಿದ್ರೆ ಬರಲ್ಲ. ತಿರುಗಿದ್ರೆ ಬರ್ತಾರೆ, ಉಣ್ತಾರೆ. ಆದ್ರೆ ತಿರುಗಿದ್ರೆ ನಾನೂ ಆ ಐದು ಜನರಂಥವಳೇ ಆಗಿಬಿಡ್ತೀನಲ್ಲ ಅಣ್ಣ... ಅದಕ್ಕೇ ನೋಡ್ತೀನಿ. ಹಸ್ಕೊಂಡೇ ಇರ್ಲಿ."

ಇಬ್ಬರೂ ನೋಡುತ್ತಾ ಕೂತೆವು. ನಾನು ಕಣ್ಣು ಆಚೀಚೆ ಮಾಡಲಿಲ್ಲ. ಒಂದು ಅಗುಳು ಅಲುಗಲಿಲ್ಲ, ಒಂದು ಸದ್ದಿಲ್ಲ. ಸ್ವಲ್ಪ ಹೊತ್ತಿಗೆ ಅವಳು, "ಸಾಕು, ಎತ್ತಿಬಿಡಿ," ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ತಟ್ಟೆ ಎತ್ತಿದೆ. ಸ್ಟೀಲು ನನ್ನ ಬೆರಳಿಗೆ ಅಂಟಿಕೊಂಡಿತು, ಫ್ರೀಜರಿನಿಂದ ತೆಗೆದ ಹಾಗೆ. ಅನ್ನ ಒತ್ತಿ ನೋಡಿದೆ. ಒಂದೇ ಗಡ್ಡೆ, ಕಲ್ಲು.

ಪಕ್ಕದ ಬಟ್ಟಲಿನಲ್ಲಿ ಸಾರು ಇನ್ನೂ ಹಬೆಯಾಡುತ್ತಿತ್ತು. ಇದು ನಡೆದದ್ದು. ಮುಟ್ಟಿದ್ದು ನಾನು.